ಒಳಗೆ ಹೋಗದ ಹಗ್ಗ

ಹೋದ ಸಲ ಕಣಿಲೆ ಉಪ್ಪಿನಕಾಯಿ ಬಗ್ಗೆ ಬರೆದಿದ್ದೆ. ಈ ಸಲ ಅಡುಗೆ ವಿಷಯ ಅಲ್ಲ, ಮರ ಕೊಯ್ಯುವ ಮಿಷನ್ ವಿಷಯ. ನಗಬೇಡಿ. ನಿಮ್ಮ ಮನೆ ಕೊಟ್ಟಿಗೆಯಲ್ಲೂ ಅದೊಂದು ಇದ್ದೇ ಇರ್ತದೆ, ನೀವು ಒಂದು ದಿನವೂ ಮುಟ್ಟಿರೋದಿಲ್ಲ. ನಾನೂ ಹಾಗೇ ಇದ್ದೆ.

ನಮ್ಮದು ಚೇರಂಬಾಣೆಯಿಂದ ಒಳಗೆ. ದೊಡ್ಡ ರಸ್ತೆಯಿಂದ ಮನೆವರೆಗೆ ತೋಟದ ನಡುವೆ ಒಂದೇ ದಾರಿ. ಆಟಿ ಹದಿನೆಂಟಕ್ಕೆ ಇನ್ನು ಮೂರು ದಿನ ಇತ್ತು. ಮದ್ದು ಸೊಪ್ಪಿನ ಪಾಯಸಕ್ಕೆ ಬೆಲ್ಲ ಉಂಟಾ ಅಂತ ಡಬ್ಬ ನೋಡ್ತಾ ಇದ್ದೆ. ಗಾಳಿ ಜೋರು. ದೊಡ್ಡದಾಗಿ ಏನೋ ಮುರಿದ ಸದ್ದಾಯ್ತು. ಕೊಡೆ ಹಿಡ್ಕೊಂಡು ಹೋಗಿ ನೋಡಿದರೆ ಸಿಲ್ವರ್ ಓಕ್ ಮರ ಅರ್ಧಕ್ಕೆ ಮುರಿದು ದಾರಿಗೆ ಅಡ್ಡ ಬಿದ್ದಿದೆ. ಅದರ ಮೈಮೇಲೆ ಇದ್ದ ಕರಿಮೆಣಸಿನ ಬಳ್ಳಿಯೂ ನೆಲಕ್ಕೆ. ಪುಣ್ಯಕ್ಕೆ ಕರೆಂಟ್ ಲೈನ್ ಆ ಕಡೆ ಇಲ್ಲ.

ಬಳ್ಳಿ ಹೋದದ್ದಕ್ಕಿಂತ ನನಗೆ ಚಿಂತೆ ಆದದ್ದು ಮಾತ್ರೆಯದ್ದು. ನಮ್ಮನೆಯವರಿಗೆ ಹೋದ ವರ್ಷ ಆಗಸ್ಟ್ ಕೊನೆಗೆ ಸ್ಟ್ರೋಕ್ ಆಗಿತ್ತು, ನಿಮಗೆಲ್ಲ ಗೊತ್ತುಂಟು. ಬಲಗೈಯಲ್ಲಿ ಬಲ ಇಲ್ಲ, ಮಾತು ನಿಧಾನ. ರಕ್ತ ತೆಳು ಮಾಡುವ ಮಾತ್ರೆ ಒಂದು ದಿನವೂ ತಪ್ಪಬಾರದು ಅಂತ ಡಾಕ್ಟರು ಹೇಳಿದ್ದಾರೆ. ಪಟ್ಟಿಯಲ್ಲಿ ಉಳಿದದ್ದು ಎರಡೇ. ಮಾರನೇ ದಿನ ಮಡಿಕೇರಿಗೆ ಹೋಗಿ ತೋರಿಸಿ, ಮಾತ್ರೆ ತರೋದು ಅಂತ ಇತ್ತು. ಅವರಿಗೆ ಮರ ದಾಟಿ ನಡೀಲಿಕ್ಕೆ ಆಗೋದಿಲ್ಲ, ಜೀಪು ಬರ್ಲಿಕ್ಕೆ ಆಗೋದಿಲ್ಲ.

ಕೆಳಮನೆ ಅಣ್ಣನ ಮಗ ಓಡಿ ಬಂದ. ಅವನಿಗೆ ಮರ ಕೊಯ್ಲಿಕ್ಕೆ ಚೆನ್ನಾಗಿ ಬರ್ತದೆ, ಮಳೆಗಾಲದ ಮುಂಚೆ ನಮ್ಮ ತೋಟದ ಮರ ಕಪಾತು ಅವನೇ ಮಾಡಿಸೋದು. ಆದರೆ ಅವರ ಮಿಷನ್ ನೆಂಟರ ಮನೆಗೆ ಹೋಗಿತ್ತು. ನಮ್ಮದನ್ನು ತೆಗೆದು ಹಗ್ಗ ಎಳೆದ. ಹಗ್ಗ ಹೊರಗೆ ಬಂತು, ಒಳಗೆ ಹೋಗ್ಲಿಲ್ಲ. ದನದ ನಾಲಿಗೆ ಹಾಗೆ ಹೊರಗೇ ನೇತಾಡ್ತಾ ಇತ್ತು. ಕೈಯಲ್ಲಿ ತುರುಕಿದ, ಇನ್ನೊಮ್ಮೆ ಜೋರಾಗಿ ಎಳೆದ, ಇನ್ನೂ ಸಿಕ್ಕಿಕೊಂಡಿತು.

"ಸ್ಪ್ರಿಂಗ್ ಹೋಗುಟು ಅತ್ತೆ. ಮಡಿಕೇರಿಗೆ ಕೊಂಡೋಕು" ಅಂದ.

ಮಡಿಕೇರಿಗೆ ಹೋಗುವ ದಾರಿಯಲ್ಲೇ ಅಲ್ವಾ ಮರ ಬಿದ್ದಿರೋದು! ಬೆಂಗಳೂರಿನ ಮಗನಿಗೆ ಹೇಳುವ ಅಂದರೆ ನೆಟ್‌ವರ್ಕ್ ಇಲ್ಲ. ಇದ್ದರೂ "ಅಮ್ಮ, ಹೊಸದು ತಗೊಳ್ಳಿ" ಅಂತಲೇ ಹೇಳ್ತಿದ್ದ.

ಆಗ ಜಗಲಿ ಕುರ್ಚಿಯಿಂದ ನಮ್ಮನೆಯವರು, "ನೀ ಬಿಚ್ಚು. ನಾ ಹೇಳ್ತೆ" ಅಂದರು.

ನಾನು ಪಿಯುಸಿ ಓದಿದವಳು, ಹೊಲಿಗೆ ಮಿಷನ್ ಬಿಚ್ಚಿ ಜೋಡಿಸಿ ಗೊತ್ತು ಅಷ್ಟೇ. ಆದರೂ ಹಳೇ ಬೆಡ್‌ಶೀಟು ಹಾಸಿ ಕೂತೆ. ಅವರು ಮೊದಲು ಹೇಳಿದ್ದು, ಪ್ಲಗ್ ಮೇಲಿನ ಕ್ಯಾಪ್ ಎಳೆದು ತೆಗೆ, ಅದು ಇಲ್ಲದೆ ಇಂಜಿನ್ ಹೊತ್ತಿಕೊಳ್ಳೋದಿಲ್ಲ. ಎರಡನೇದು, ಚೈನ್‌ಗೆ ಕವರ್ ಹಾಕು. ಮೂರನೇದು, ಕನ್ನಡಕ ಹಾಕು. ಒಳಗಿನ ಸ್ಪ್ರಿಂಗ್ ಹಾರಿದರೆ ಕಣ್ಣು ಹೋಗ್ತದೆ ಅಂತ. ಓದುವ ಕನ್ನಡಕ ಹಾಕಿಕೊಂಡೆ.

ಹಗ್ಗ ಇರುವ ಪಕ್ಕದ ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಬಿಚ್ಚಿದರೆ ಮುಚ್ಚಳ, ಹಗ್ಗ, ಹಿಡಿ ಎಲ್ಲ ಒಟ್ಟಿಗೆ ಕೈಗೆ ಬಂತು. ಒಳಗೆ ಬಾವಿ ರಾಟೆ ಹಾಗೆ ಒಂದು ಸಣ್ಣ ರಾಟೆ. ಹಗ್ಗ ಅದಕ್ಕೆ ಸುತ್ತಿಕೊಳ್ತದೆ. ರಾಟೆಯ ಹಿಂದೆ ಸುರುಳಿ ಸ್ಪ್ರಿಂಗ್, ಅಳತೆ ಟೇಪು ತಾನೇ ಒಳಗೆ ಹೋಗ್ತದಲ್ಲ, ಹಾಗೇ. ನಾವು ಹಗ್ಗ ಎಳೆದಾಗ ಸ್ಪ್ರಿಂಗ್ ಬಿಗಿ ಆಗ್ತದೆ, ಬಿಟ್ಟಾಗ ರಾಟೆಯನ್ನು ಹಿಂದೆ ತಿರುಗಿಸಿ ಹಗ್ಗ ಒಳಗೆ ಎಳ್ಕೊಳ್ತದೆ. ಇಂಜಿನ್ ಕಡೆ ಚಕ್ರದಲ್ಲಿ ಸಣ್ಣ ಕೊಕ್ಕೆ ಉಂಟು. ರಾಟೆ ತಿರುಗುವಾಗ ಅದನ್ನು ಹಿಡಿದು ಇಂಜಿನ್ ತಿರುಗಿಸ್ತದೆ, ಇಂಜಿನ್ ಹೊತ್ತಿದ ಮೇಲೆ ಬಿಟ್ಟುಬಿಡ್ತದೆ.

"ಈಗ ಮುಚ್ಚಳ ಕೈಯಲ್ಲೇ ಹಿಡಿದು ಹಗ್ಗ ಎಳೆದು ನೋಡು" ಅಂದರು. ಮುಚ್ಚಳ ಬೇರೆ ಇರುವಾಗ ಹಗ್ಗ ಸರಿಯಾಗಿ ಒಳಗೆ ಹೋದರೆ ತೊಂದರೆ ಇಂಜಿನ್ ಕಡೆ, ಕೊಕ್ಕೆ ಸಿಕ್ಕಿಕೊಂಡಿದೆ ಅಂತ. ಹೋಗದಿದ್ದರೆ ಮುಚ್ಚಳದ ಒಳಗೇ ತೊಂದರೆ. ನಮ್ಮದು ಹೋಗ್ಲಿಲ್ಲ. ಆದರೆ ಎಳೆಯುವಾಗ ಕೈಗೆ ಸ್ವಲ್ಪ ಬಿಗಿ ಸಿಕ್ತಾ ಇತ್ತು. ಸ್ಪ್ರಿಂಗ್ ತುಂಡಾಗಿದ್ದರೆ ಬಿಗಿಯೇ ಇರೋದಿಲ್ಲ, ರಾಟೆ ಸುಮ್ಮನೆ ಗಿರಗಿರ ತಿರುಗ್ತದೆ. ಅಂದರೆ ಸ್ಪ್ರಿಂಗ್ ಜೀವಂತ ಉಂಟು. ಅದನ್ನು ಕೇಳಿದಾಗ ನನಗೆ ಅರ್ಧ ಧೈರ್ಯ ಬಂತು.

ಒಳಗೆ ನೋಡಿದರೆ ಮರದ ಹೊಟ್ಟು, ಚೈನಿಗೆ ಹಾಕುವ ಎಣ್ಣೆ, ಎರಡೂ ಸೇರಿ ಹಲಸಿನ ಮೇಣದ ಹಾಗೆ ಅಂಟಿದೆ. ಹುಡುಗ ಎಳೆದ ರಭಸಕ್ಕೆ ಹಗ್ಗ ಒಂದರ ಮೇಲೊಂದು ಸುತ್ತಿ ರಾಟೆಯ ಅಂಚಿಗೆ ಸಿಕ್ಕಿಕೊಂಡಿತ್ತು. ಬಾಬಿನ್‌ನಲ್ಲಿ ನೂಲು ಸಿಕ್ಕಾಗ್ತದಲ್ಲ, ಅದೇ. ಹಿಡಿಸೂಡಿ ಕಡ್ಡಿಯಲ್ಲಿ ಮೇಣ ಕೆರೆದೆ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದೆ, ಒಣ ಬಟ್ಟೆಯಲ್ಲಿ ಒರೆಸಿದೆ. ಗಾಳಿ ಹೋಗುವ ಕಂಡಿಗಳನ್ನೂ ಬಿಡಿಸಿದೆ. ರಾಟೆಯ ನಡುವಿನ ಸ್ಕ್ರೂ ಮಾತ್ರ ಮುಟ್ಟಬೇಡ ಅಂದರು. ಅದನ್ನು ತೆಗೆದು ರಾಟೆ ಎತ್ತಿದರೆ ಸ್ಪ್ರಿಂಗ್ ಹಾವಿನ ಹಾಗೆ ಹಾರ್ತದೆ, ಅದು ಅಂಗಡಿಯವರ ಕೆಲಸ.

ಹಗ್ಗ ಬಿಡಿಸಿ ನೇರ ಸುತ್ತಿದೆ. ಆದರೂ ಹಿಡಿ ಒಂದು ಗೇಣು ಹೊರಗೇ ಜೋತು ಬಿತ್ತು. ಬಿಗಿ ಸಾಲದು. ಅದಕ್ಕೆ ಹಗ್ಗ ಸ್ವಲ್ಪ ಹೊರಗೆ ಎಳೆದು, ರಾಟೆಯ ಅಂಚಿನ ಕಚ್ಚಿಗೆ ಹಗ್ಗದ ಒಂದು ಕುಣಿಕೆ ಸಿಕ್ಕಿಸಿ, ಆ ಕುಣಿಕೆ ಹಿಡಿದು ರಾಟೆಯನ್ನು ತಿರುಗಿಸಬೇಕು. ಹಗ್ಗ ಎಳೆದಾಗ ಯಾವ ಕಡೆ ತಿರುಗ್ತದೋ ಅದೇ ಕಡೆ. ಆಮೇಲೆ ರಾಟೆ ಬಿಡದೆ ಹಿಡಿದು, ಕುಣಿಕೆ ತೆಗೆದು, ಹಗ್ಗ ಹೊರಗೆಳೆದು ನಿಧಾನ ಬಿಡಬೇಕು.

ನಾಲ್ಕು ಸುತ್ತು ಆಗುವಾಗ ಕೈ ಜಾರಿತು. ಪುನಃ ಮಾಡಿದೆ, ಪುನಃ ಜಾರಿತು. ನಮ್ಮನೆಯವರು "ಹಾಗಲ್ಲ, ಹಾಗಲ್ಲ" ಅಂತ ಸಿಟ್ಟಲ್ಲಿ ಎಡಗೈ ಆಡಿಸ್ತಾ ಇದ್ದರು. ಬಾಯಿಂದ ಮಾತು ಬರಲಿಕ್ಕೆ ತಡ ಆಗ್ತಾ ಇತ್ತು. ಮಳೆ, ಮಾತ್ರೆ, ಕತ್ತಲೆ, ಎಲ್ಲ ತಲೆಗೆ ಏರಿ ನಾನು ಅಂದುಬಿಟ್ಟೆ, "ಹಾಗಾದರೆ ನೀವೇ ಮಾಡಿ!"

ಹೇಳಿದ ಮೇಲೆ ಎದೆ ಧಸಕ್ಕಂತು. ಅವರು ಏನೂ ಹೇಳಲಿಲ್ಲ. ತಮ್ಮ ಬಲಗೈ ನೋಡ್ಕೊಂಡು ಕೂತರು. ಹುಡುಗ ಅಂಗಳದ ಕಡೆ ಮುಖ ತಿರುಗಿಸಿದ. ಹನ್ನೊಂದು ತಿಂಗಳಿಂದ ಒಂದು ಮಾತೂ ಆಡದೆ ನೋಡಿಕೊಂಡವಳು ನಾನು, ಒಂದು ಗೇಣು ಹಗ್ಗಕ್ಕೆ ಸೋತೆ.

ಸ್ವಲ್ಪ ಹೊತ್ತಾದ ಮೇಲೆ ಮುಚ್ಚಳ ಎತ್ತಿಕೊಂಡು ಹೋಗಿ ಅವರ ಮಡಿಲಲ್ಲಿ ಇಟ್ಟೆ. "ನನಗೆ ಎರಡು ಕೈ ಸಾಲದು" ಅಂದೆ. ಅವರು ಮಾತಾಡದೆ ಎಡಗೈ ಹೆಬ್ಬೆರಳು ರಾಟೆಯ ಮೇಲೆ ಒತ್ತಿ ಹಿಡಿದರು. ನಾನು ಒಂದು ಸುತ್ತು ತಿರುಗಿಸೋದು, ಅವರು ಹಿಡಿಯೋದು. ಮೂರು ಕೈಯಲ್ಲಿ ಕೆಲಸ ಆಯ್ತು. ಹೆಚ್ಚು ಬಿಗಿ ಇದ್ದರೆ ಒಳ್ಳೇದಲ್ವಾ ಅಂತ ನಾನು ಎಂಟು ಸುತ್ತು ಹಾಕಿದೆ. ಬಿಟ್ಟ ಕೂಡಲೇ ಹಿಡಿ ಟಪ್ ಅಂತ ಒಳಗೆ ಹೋಗಿ ಕೂತಿತು. ಹುಡುಗ ಚಪ್ಪಾಳೆ ತಟ್ಟಿದ.

"ಇಲ್ಲ, ಹೆಚ್ಚಾತ್" ಅಂದರು ನಮ್ಮನೆಯವರು. ಹಗ್ಗ ಪೂರ್ತಿ ಹೊರಗೆ ಎಳೆದು, ಅಲ್ಲಿಂದ ರಾಟೆಯನ್ನು ಕೈಯಲ್ಲಿ ಇನ್ನೂ ಸ್ವಲ್ಪ ತಿರುಗಿಸಿ ನೋಡಬೇಕಂತೆ. ಅರ್ಧ ಸುತ್ತಾದರೂ ತಿರುಗಬೇಕು. ತಿರುಗದಿದ್ದರೆ ಸ್ಪ್ರಿಂಗ್‌ಗೆ ಉಸಿರಾಡ್ಲಿಕ್ಕೆ ಜಾಗ ಇಲ್ಲ, ಇವತ್ತಲ್ಲ ನಾಳೆ ತುಂಡಾಗ್ತದೆ. ನಮ್ಮದು ತಿರುಗಲಿಲ್ಲ. ಎರಡು ಸುತ್ತು ಬಿಚ್ಚಿದೆವು, ಆಗ ಸರಿ ಆಯ್ತು. ಎಷ್ಟು ಸುತ್ತು ಅನ್ನೋದು ಮಿಷನ್‌ನಿಂದ ಮಿಷನ್‌ಗೆ ಬೇರೆ, ನಿಮ್ಮದರ ಪುಸ್ತಕ ನೋಡಿ. ಪರೀಕ್ಷೆ ಮಾತ್ರ ಇದೇ.

ಮುಚ್ಚಳ ಕೂರಿಸಿ, ಸ್ಕ್ರೂ ಬಿಗಿದು, ಕಡೆಗೆ ಪ್ಲಗ್ ಕ್ಯಾಪ್ ಹಾಕಿದೆ. ಹುಡುಗ ಮಿಷನ್ ನೆಲದ ಮೇಲಿಟ್ಟು, ಬ್ರೇಕ್ ಹಾಕಿ, ಹಿಂದಿನ ಹಿಡಿಯನ್ನು ಕಾಲಲ್ಲಿ ಒತ್ತಿಕೊಂಡ. ಹಗ್ಗವನ್ನು ಮೊದಲು ಮೆಲ್ಲ, ಬಿಗಿ ಸಿಕ್ಕಿದ ಮೇಲೆ ಜೋರು. ಮೂರನೇ ಎಳೆತಕ್ಕೆ ಸ್ಟಾರ್ಟ್ ಆಯ್ತು. ಕತ್ತಲೆ ಆಗುವ ಮುಂಚೆ ದಾರಿ ಬಿಡಿಸಿದ. ಮಾರನೇ ದಿನ ಮಡಿಕೇರಿಗೆ ಹೋಗಿ ಬಂದೆವು. ಮಾತ್ರೆ ಸಿಕ್ತು, ಹೊಸ ಹಗ್ಗವೂ ತಂದೆವು. ಹಳೇದು ಹೊರಗೆ ಬರುವ ತೂತಿನ ಹತ್ತಿರ ಸವೆದು ನಾರು ಎದ್ದಿತ್ತು.

ಆಟಿ ಹದಿನೆಂಟಕ್ಕೆ ಪಾಯಸ ಕುಡಿಯುವಾಗ ನಾನು ಕೇಳಿದೆ, ಇಷ್ಟು ವರ್ಷ ಸರಿ ಇದ್ದದ್ದು ಈಗ ಯಾಕೆ ಕೆಟ್ಟಿತು ಅಂತ. ಅವರು ನಕ್ಕರು. ಪ್ರತಿ ವರ್ಷ ಕೈಲ್ ಮುಹೂರ್ತದ ಹಿಂದಿನ ದಿನ ಅವರು ಮಿಷನ್ ಬಿಚ್ಚಿ, ಹೊಟ್ಟು ತೆಗೆದು, ಒರೆಸಿ, ಆಮೇಲೆ ಕೋವಿ ಕತ್ತಿಯ ಪಕ್ಕ ಪೂಜೆಗೆ ಇಡ್ತಿದ್ದರಂತೆ. ಕೊಟ್ಟಿಗೆಯಲ್ಲಿ ಕೂತು ಏನು ಮಾಡ್ತಾರೆ ಅಂತ ನಾನು ಒಂದು ದಿನವೂ ಇಣುಕಿ ನೋಡಿದವಳಲ್ಲ. ಹೋದ ಸೆಪ್ಟೆಂಬರ್ 3ಕ್ಕೆ ಅವರು ಆಸ್ಪತ್ರೆಯಲ್ಲಿ ಇದ್ದರು. ನಾನೇ ಮಿಷನ್‌ಗೆ ಮೇಲಿಂದ ಗಂಧ ಹಚ್ಚಿ, ತೋಕ್ ಪೂ ಇಟ್ಟು ಕೈ ಮುಗಿದಿದ್ದೆ. ಒಳಗೆ ಹೊಟ್ಟು ಹಾಗೇ ಇತ್ತು.

ಈ ಸಲ ಸೆಪ್ಟೆಂಬರ್ 2ಕ್ಕೆ ಬಿಚ್ಚೋದು ನಾನು, ಹಿಡಿಯೋದು ಅವರು. ಹಳೇ ಬ್ರಷ್ ಈಗಲೇ ತೆಗೆದಿಟ್ಟಿದ್ದೇನೆ.

ನೀವೂ ಒಂದು ಮಾಡಿ. ನಿಮ್ಮ ಮನೆಯಲ್ಲಿ ಮಿಷನ್ ಕೆಲಸ ಗೊತ್ತಿರುವವರು ಯಾರೋ, ಅವರು ಹೇಳಲಿಕ್ಕೆ ಆಗುವಾಗಲೇ ಪಕ್ಕದಲ್ಲಿ ಕೂತು ಕೇಳಿಟ್ಟುಕೊಳ್ಳಿ. ಮರ ಕೊಯ್ಲಿಕ್ಕೆ ಹೋಗಬೇಡಿ, ಅದು ಕಲಿತವರೇ ಮಾಡಲಿ. ಹಗ್ಗ ಬಿಟ್ಟುಬಿಡದೆ ಕೈಯಲ್ಲಿ ಹಿಡಿದೇ ಒಳಗೆ ಕಳಿಸಿ ಅಂತ ಕೊಯ್ಯುವವರಿಗೂ ಹೇಳಿ. ಮಳೆ ಬಿಟ್ಟ ಮೇಲೆ ಮನೆ ಕಡೆ ಬನ್ನಿ. ದಾರಿ ಬಿಡಿಸಿ ಉಂಟು.