ಒಂದೇ ಕಿರೀಟ, ಎರಡು ಲೋಟ

ಬ್ರಿಟನ್ನಿಗೂ ಕೆನಡಾಕ್ಕೂ ರಾಜ ಒಬ್ಬನೇ. ಭಾಷೆಯೂ ಬಹುಮಟ್ಟಿಗೆ ಒಂದೇ. ಹಾಗೆಂದು ಎರಡೂ ಕಡೆಯವರು ಒಂದೇ ಬಗೆಯಲ್ಲಿ ಕುಡಿದು ತಿನ್ನುತ್ತಾರೆಂದು ನಂಬಿ ಹೊರಟವರು ಮೊದಲ ವಾರದಲ್ಲೇ ಪೇಚಿಗೆ ಸಿಕ್ಕುತ್ತಾರೆ. ಲಂಡನ್ನಿನಲ್ಲಿ ‘ಚಿಪ್ಸ್’ ಕೇಳಿದವರ ಮುಂದೆ ಬಂದು ಕೂರುವುದು ಬೆರಳುಗಾತ್ರದ ಬಿಸಿ ಆಲೂಗಡ್ಡೆ ಹೋಳು. ಗರಿಗರಿ ಬಿಲ್ಲೆ ಬೇಕಾದರೆ ‘ಕ್ರಿಸ್ಪ್ಸ್’ ಎನ್ನಬೇಕು. ಟೊರಾಂಟೊದಲ್ಲಿ ಆ ಬಿಲ್ಲೆಗೇ ಚಿಪ್ಸ್ ಎಂದು ಹೆಸರು, ಬಿಸಿ ಹೋಳು ಅಲ್ಲಿ ಫ್ರೈಸ್. ಮೀನಿನ ಜೊತೆ ತಟ್ಟೆಗೆ ಬಂದಾಗ ಮಾತ್ರ ಅದು ಮತ್ತೆ ಚಿಪ್ಸ್!

ರುಚಿಯಲ್ಲೂ ದಾರಿ ಬೇರೆ. ಬ್ರಿಟಿಷರಿಗೆ ಉಪ್ಪು-ವಿನೆಗರ್, ಚೀಸ್-ಈರುಳ್ಳಿ ಎಂದರೆ ಪ್ರಾಣ. ಪಬ್ಬಿನಲ್ಲಿ ಪುಟ್ಟ ಪೊಟ್ಟಣವನ್ನು ಉದ್ದಕ್ಕೆ ಸೀಳಿ ಮೇಜಿನ ಮೇಲೆ ಹರವಿದರೆ ಅದು ಎಲ್ಲರ ಪಾಲು. ನಮ್ಮ ಖಾರದ ಮಿಕ್ಸ್‌ಚರ್ ಅಲ್ಲಿ ‘ಬಾಂಬೆ ಮಿಕ್ಸ್’ ಎಂಬ ಹೆಸರಿನಲ್ಲಿ ಆ ಮೇಜು ಸೇರಿ ಎಷ್ಟೋ ಕಾಲವಾಯಿತು. ಕೆನಡಾದವರ ಹೆಮ್ಮೆ ಬೆರಳಿಗೆ ಕೆಂಪು ಹತ್ತಿಸುವ ಕೆಚಪ್ ಚಿಪ್ಸ್. ಕ್ವಿಬೆಕ್ ಪ್ರಾಂತ್ಯದಲ್ಲಿ 1950ರ ದಶಕದಲ್ಲಿ ಹುಟ್ಟಿದ ‘ಪೂಟೀನ್’ ಈಗ ದೇಶಕ್ಕೆಲ್ಲ ಪ್ರಿಯ: ಬಿಸಿ ಫ್ರೈಸ್, ಅದರ ಮೇಲೆ ಗಿಣ್ಣಿನ ತುಣುಕು, ಅದರ ಮೇಲೆ ಕಂದುಬಣ್ಣದ ಗ್ರೇವಿ. ಸಸ್ಯಾಹಾರಿಗಳು ಮಾತ್ರ ಕೇಳಿ ತಿನ್ನುವುದು ಲೇಸು. ಆ ಗ್ರೇವಿ ಸಾಮಾನ್ಯವಾಗಿ ಮಾಂಸದ ರಸದ್ದು.

ಇನ್ನು ಬಿಸಿ ಪಾನೀಯ. ಬ್ರಿಟಿಷ್ ಮನೆಗೆ ನೆಂಟರು ಬಂದರೂ, ಕೆಟ್ಟ ಸುದ್ದಿ ಬಂದರೂ ಮೊದಲು ಕಾಯುವುದು ಕೆಟಲ್. ಹಾಲು ಹಾಕಿದ ಚಹಾ, ಅದ್ದಿ ತಿನ್ನಲು ಬಿಸ್ಕತ್ತು. ಕಚೇರಿಯಲ್ಲಿ ತನಗೊಂದು ಚಹಾ ಎಂದು ಎದ್ದವನು ಸುತ್ತಲಿದ್ದವರನ್ನೂ ಕೇಳದಿದ್ದರೆ ಮರ್ಯಾದೆ ಹೋಯಿತೆಂದೇ ಅರ್ಥ. ಕೆನಡಾದಲ್ಲಿ ಆ ಜಾಗ ಕಾಫಿಯದು. ಟಿಮ್ ಹಾರ್ಟನ್ ಎಂಬ ಹಾಕಿ ಆಟಗಾರ 1964ರಲ್ಲಿ ಹ್ಯಾಮಿಲ್ಟನ್ ಊರಿನಲ್ಲಿ ತೆರೆದ ಕಾಫಿ-ಡೋನಟ್ ಅಂಗಡಿ ಇಂದು ಊರೂರಿಗೂ ಹಬ್ಬಿದೆ. ಎರಡು ಪಾಲು ಕ್ರೀಮು, ಎರಡು ಪಾಲು ಸಕ್ಕರೆ ಹಾಕಿದ ಕಾಫಿಗೆ ‘ಡಬಲ್-ಡಬಲ್’ ಎಂದರೆ ಸಾಕು. ಈ ಮಾತು 2004ರಲ್ಲಿ ಕೆನಡಾದ ಆಕ್ಸ್‌ಫರ್ಡ್ ನಿಘಂಟನ್ನೂ ಸೇರಿತು. ಬ್ರಿಟಿಷರ ಚಹಾ ಕೂತು ಕುಡಿಯುವಂಥದ್ದು. ಕೆನಡಾದವರ ಕಾಫಿ ಹಿಮದ ಬೆಳಗಿನಲ್ಲಿ ಕಾರಿನೊಳಗೇ ಖಾಲಿಯಾಗುವಂಥದ್ದು.

ಮಕ್ಕಳನ್ನು ಓದಲು ಕಳಿಸಿದ ತಂದೆತಾಯಿಯರ ಎದೆ ಹೊಡೆದುಕೊಳ್ಳುವುದು ಚಹಾ-ಕಾಫಿಗಲ್ಲ ಎನ್ನಿ. ಬ್ರಿಟನ್ನಿನಲ್ಲಿ ಪಬ್ಬೆಂದರೆ ಊರಿನ ಜಗಲಿಯಿದ್ದಂತೆ. ಅನೇಕ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಸಂಘದ ಕಟ್ಟಡದಲ್ಲೂ ಒಂದು ಬಾರ್ ಉಂಟು. ಅಲ್ಲಿನ ನಿಯಮ ‘ರೌಂಡ್’. ಒಬ್ಬ ಕಟ್ಟೆಗೆ ಹೋಗಿ ಎಲ್ಲರಿಗೂ ತರುತ್ತಾನೆ, ಮುಂದಿನ ಸರದಿ ಇನ್ನೊಬ್ಬನದು. ನಾಲ್ವರು ಕೂತರೆ ನಾಲ್ಕು ಸುತ್ತು. ಒಂದು ಪಿಂಟ್ ಎಂದರೆ 568 ಮಿಲಿಲೀಟರ್. ಗುಂಪಿನಲ್ಲಿ ಅತಿ ವೇಗವಾಗಿ ಕುಡಿಯುವವನ ಓಟಕ್ಕೆ ಉಳಿದವರೂ ಓಡಬೇಕಾಗುತ್ತದೆ. ಕೆನಡಾದಲ್ಲಿ ಹೆಚ್ಚಾಗಿ ಮೇಜಿಗೇ ತಂದುಕೊಡುತ್ತಾರೆ. ಬಿಲ್ಲು ಅವರವರದ್ದು, ಅದರ ಮೇಲೆ ನೂರಕ್ಕೆ 15ರಿಂದ 20ರಷ್ಟು ಟಿಪ್ಸ್. ಜೇಬು ಖಾಲಿಯಾದರೂ ವೇಗ ತನ್ನದೇ.

ಕಾನೂನಿಗೂ ಎರಡು ಮುಖ. ಬ್ರಿಟನ್ನಿನ ಸೂಪರ್ ಮಾರ್ಕೆಟ್ಟಿನಲ್ಲಿ ವೈನ್ ಬಾಟಲಿ ಬ್ರೆಡ್ಡಿನ ಸಾಲಿನ ಪಕ್ಕದಲ್ಲೇ ಸಿಗುತ್ತದೆ, ಕೊಳ್ಳಲು 18 ತುಂಬಿದರೆ ಸಾಕು. ಕೆನಡಾದ ಒಂಟಾರಿಯೊ ಪ್ರಾಂತ್ಯ 1916ರಿಂದ 1927ರವರೆಗೆ ಪಾನನಿಷೇಧ ಕಂಡಿತ್ತು. ನಿಷೇಧ ತೆಗೆದಾಗ ಮಾರಾಟವನ್ನು ಸರ್ಕಾರವೇ ಕೈಯಲ್ಲಿಟ್ಟುಕೊಂಡಿತು. ದಿನಸಿ ಮಳಿಗೆಗೆ ಬಿಯರ್ ಬಂದದ್ದು 2015ರಲ್ಲಿ, ಬೀದಿ ಮೂಲೆಯ ಅಂಗಡಿಗೆ 2024ರಲ್ಲಿ. ಕುಡಿಯುವ ವಯಸ್ಸು ಆಲ್ಬರ್ಟಾ, ಮ್ಯಾನಿಟೋಬಾ, ಕ್ವಿಬೆಕ್‌ಗಳಲ್ಲಿ 18, ಉಳಿದೆಡೆ 19. ಒಂಟಾರಿಯೊದಲ್ಲಿ 21 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರು ವಾಹನ ನಡೆಸುವಾಗ ರಕ್ತದಲ್ಲಿ ಮದ್ಯದ ಅಂಶ ಸೊನ್ನೆಯೇ ಇರಬೇಕು.

‘ಒಂದೇ ಒಂದು ಲೋಟ’ ಎಂಬ ಮಾತೂ ಎರಡು ದೇಶಗಳಲ್ಲಿ ಒಂದೇ ಅಲ್ಲ. ಬ್ರಿಟನ್ನಿನ ಒಂದು ‘ಯೂನಿಟ್’ಗೆ ಶುದ್ಧ ಮದ್ಯಸಾರ 8 ಗ್ರಾಂ. ಕೆನಡಾದ ಒಂದು ‘ಡ್ರಿಂಕ್’ಗೆ 13.45 ಗ್ರಾಂ. ನೂರಕ್ಕೆ 4ರಷ್ಟು ಮದ್ಯಸಾರವಿರುವ ಬಿಯರಿನ ಒಂದು ಪಿಂಟಿನಲ್ಲೇ ಸುಮಾರು 18 ಗ್ರಾಂ ಅಡಗಿರುತ್ತದೆ. ವಾರಕ್ಕೆ 14 ಯೂನಿಟ್ ದಾಟಬೇಡಿ ಎಂದು ಬ್ರಿಟನ್ನಿನ ಮುಖ್ಯ ವೈದ್ಯಾಧಿಕಾರಿಗಳು 2016ರಲ್ಲಿ ಹೇಳಿದರು. ವಾರಕ್ಕೆ ಎರಡು ಡ್ರಿಂಕ್ ದಾಟಿದರೆ ಅಪಾಯ ಏರತೊಡಗುತ್ತದೆ ಎಂದು ಕೆನಡಾದ ತಜ್ಞರು 2023ರಲ್ಲಿ ಹೇಳಿದರು. ಲೆಕ್ಕ ಹಾಕಿದರೆ ಅಲ್ಲಿ 112 ಗ್ರಾಂ, ಇಲ್ಲಿ 27! ಇಬ್ಬರೂ ಒಪ್ಪುವ ಮಾತು ಒಂದೇ: ಕಡಿಮೆಯಾದಷ್ಟೂ ಒಳ್ಳೆಯದು.

ಮಗಳು ಲೀಡ್ಸ್‌ನಲ್ಲೋ ಮಗ ಹ್ಯಾಮಿಲ್ಟನ್ನಿನಲ್ಲೋ ಇರುವಾಗ ತಾಯಿ ಫೋನಿನಲ್ಲಿ ಕೇಳುವುದು ಒಂದೇ ಪ್ರಶ್ನೆ: “ಅಲ್ಲಿ ಕುಡಿಯೋರ ಜೊತೆ ಸೇರ್ತೀಯೇನೋ?” “ಇಲ್ಲಮ್ಮ” ಎಂಬ ಉತ್ತರವೂ ಸಿದ್ಧವಾಗಿರುತ್ತದೆ. ನಿಜವೆಂದರೆ ಕುಡಿಯುವವರ ಜೊತೆ ಕೂರದೆ ಅಲ್ಲಿ ಗೆಳೆಯರಾಗುವುದು ಕೆಲವೊಮ್ಮೆ ಕಷ್ಟ, ಕೂತವರೆಲ್ಲ ಕುಡಿಯಲೇಬೇಕೆಂದೂ ಇಲ್ಲ. ರೌಂಡ್ ಆರಂಭವಾಗುವಾಗಲೇ “ನನಗೆ ಕಿತ್ತಳೆ ರಸ” ಎಂದು ಹೇಳಿ, ತನ್ನ ಸರದಿ ಬಂದಾಗ ಎದ್ದು ಎಲ್ಲರಿಗೂ ತಂದುಕೊಟ್ಟ ಹುಡುಗನನ್ನು ಯಾರೂ ಹಗುರವಾಗಿ ಕಾಣುವುದಿಲ್ಲ. ಸರದಿ ಬಂದಾಗ ನುಣುಚಿಕೊಂಡವನನ್ನೇ ಅವರು ಮರೆಯದಿರುವುದು. ಕೆನಡಾದಲ್ಲಿ ಕಾರು ಓಡಿಸಿ ಎಲ್ಲರನ್ನೂ ಮನೆ ಮುಟ್ಟಿಸುವ ಕೆಲಸ ಒಪ್ಪಿಕೊಂಡವನಿಗೆ ಬೇಡವೆನ್ನಲು ಬೇರೆ ಕಾರಣವೇ ಬೇಕಿಲ್ಲ.

ಆದ್ದರಿಂದ ಹಿರಿಯರು ‘ಕುಡಿದೆಯಾ’ ಎಂದು ಕೇಳಿ ಸುಳ್ಳಿಗೆ ದಾರಿ ಮಾಡಿಕೊಡುವ ಬದಲು, ‘ಯಾರ ಜೊತೆ ಕೂತಿದ್ದೆ, ಏನು ತಿಂದೆ, ರಾತ್ರಿ ಮನೆಗೆ ಹೇಗೆ ಬಂದೆ’ ಎಂದು ಕೇಳುವುದು ಮೇಲು. ಈ ಮೂರಕ್ಕೂ ಹಿಂಜರಿಯದೆ ಉತ್ತರ ಕೊಡುವ ಮಕ್ಕಳು ಲಂಡನ್ನಿನಲ್ಲಿದ್ದರೂ ಟೊರಾಂಟೊದಲ್ಲಿದ್ದರೂ ಮನೆಯವರು ನೆಮ್ಮದಿಯಾಗಿ ನಿದ್ದೆ ಮಾಡಬಹುದು.