ಸೋಮವಾರದ ಮೀನು

ಸಿಂಗಾಪುರದಿಂದ ಹೊರಟು, ಪೆನಾಂಗ್, ಫುಕೆಟ್ ನೋಡಿಕೊಂಡು ಹಡಗು ಮತ್ತೆ ಸಿಂಗಾಪುರಕ್ಕೇ ಬರುತ್ತದೆ ಎಂದು ತಮ್ಮ ವಿವರಿಸಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಹತ್ತಿದಲ್ಲೇ ಇಳಿಯೋದಾದ್ರೆ ಹತ್ತೋದು ಯಾಕೆ?" ಕಾರವಾರದಿಂದ ಮುಂಬಯಿಗೆ ಆಗಬೋಟಿನ ಡೆಕ್ಕಿನಲ್ಲಿ, ಟ್ರಂಕಿಗೆ ತಲೆಯಾನಿಸಿ ಹೋದವರ ಮನೆತನ ನಮ್ಮದು. ಹಡಗು ಅಂದರೆ ಹೊಗೆ, ವಾಂತಿ, ಆಚೆ ದಡದಲ್ಲಿ ಸಿಕ್ಕರೆ ಒಂದು ನೌಕರಿ. ಮೋಜಿಗಾಗಿ ಸಮುದ್ರಕ್ಕೆ ಹೋಗುವುದು ಅಪ್ಪನ ಲೆಕ್ಕದಲ್ಲಿ ಕೂರುವಂಥದ್ದಲ್ಲ. ಟಿಕೆಟ್ಟಿನ ಹಣ ವಾಪಸ್ ಬರುವುದಿಲ್ಲ ಎಂದ ಮೇಲೆ ಹೊರಟರು.

ಅಪ್ಪನ ಪ್ರಶ್ನೆಗೆ ವ್ಯಾಪಾರಿಯ ಉತ್ತರ ಕೊಟ್ಟವನು ಜರ್ಮನಿಯ ಆಲ್ಬರ್ಟ್ ಬಾಲಿನ್. ಹ್ಯಾಂಬರ್ಗ್ ಊರಿನ ಹಡಗು ಕಂಪನಿಯ ನಿರ್ದೇಶಕ. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟಲು ಜನ ಬರುತ್ತಿರಲಿಲ್ಲ; ದೊಡ್ಡ ಹಡಗನ್ನು ಸುಮ್ಮನೆ ಕಟ್ಟಿಹಾಕಿದರೂ ಖರ್ಚು ತಪ್ಪುತ್ತಿರಲಿಲ್ಲ. ಹಾಗಾಗಿ 1891ರ ಜನವರಿಯಲ್ಲಿ 'ಆಗುಸ್ಟಾ ವಿಕ್ಟೋರಿಯಾ' ಎಂಬ ಹಡಗಿನಲ್ಲಿ 241 ಜನರನ್ನು ಕರೆದುಕೊಂಡು ಮೆಡಿಟರೇನಿಯನ್ ಸುತ್ತಿಸಿ ತಂದ, ಹೆಂಡತಿಯ ಜೊತೆ ತಾನೂ ಹೋದ. ಅದಕ್ಕೂ ಮೊದಲು, 1844ರಲ್ಲಿ, ಪಿ ಅಂಡ್ ಓ ಕಂಪನಿ ಕಾದಂಬರಿಕಾರ ಥ್ಯಾಕರೆಗೆ ಪುಕ್ಕಟೆ ಟಿಕೆಟ್ ಕೊಟ್ಟು ಕೈರೋ ತನಕ ಕಳಿಸಿತ್ತು. ಆತ ಆ ಪ್ರವಾಸದ ಮೇಲೆ ಪುಸ್ತಕ ಬರೆದ. ಲೇಖಕರನ್ನು ಹೀಗೆ ಒಲಿಸಿಕೊಳ್ಳುವ ಕಲೆ ಹಳೆಯದು. ನನಗೆ ಮಾತ್ರ ಯಾರೂ ಕೊಟ್ಟಿಲ್ಲ.

ಎಲ್ಲಿಗೂ ತಲುಪಿಸಬೇಕಿಲ್ಲದ ಹಡಗಿಗೆ ಮಾರಲು ಉಳಿಯುವುದು ಉಪಚಾರವೊಂದೇ. ಅದರಲ್ಲಿ ಅರೆಕೊರೆಯಾದರೆ ಜನ ಸಮುದ್ರ ನೋಡುತ್ತಾ ಎಷ್ಟು ಹೊತ್ತು ಕೂತಾರು?

ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದವನು ಫಿಲಿಪೀನ್ಸಿನ ಹುಡುಗ. ಈ ಹಡಗುಗಳಲ್ಲಿ ಸಂಜೆ ಹಾಸಿಗೆ ಸರಿಮಾಡುವಾಗ ಟವೆಲ್ ಮಡಚಿ ಆನೆ, ಕೋತಿ, ಹಂಸ ಮಾಡಿಡುವ ಪದ್ಧತಿಯಿದೆ. ಮೊದಲ ರಾತ್ರಿ ಅಪ್ಪನ ಮಂಚದ ಮೇಲೆ ಟವೆಲ್ಲಿನ ಕೋತಿಯೊಂದು ಅಪ್ಪನ ಓದುವ ಕನ್ನಡಕ ಹಾಕಿಕೊಂಡು, ಅಪ್ಪ ಅರ್ಧ ಓದಿಟ್ಟ ಕನ್ನಡ ಕಾದಂಬರಿಯನ್ನು ಕೈಯಲ್ಲಿ ಹಿಡಿದು ಕೂತಿತ್ತು. ಪುಸ್ತಕ ತಲೆಕೆಳಗಾಗಿತ್ತು. ಅಪ್ಪ ನಕ್ಕಿದ್ದನ್ನು ಹಡಗು ಹತ್ತಿದ ಮೇಲೆ ಮೊದಲ ಸಲ ಕೇಳಿದೆ. ಬೆಳಿಗ್ಗೆ ಅಪ್ಪ ಒಂದು ಚೀಟಿಯಲ್ಲಿ ಬಾಣದ ಗುರುತು ಬರೆದು ರಕ್ಷಾಪುಟಕ್ಕೆ ಸಿಕ್ಕಿಸಿಟ್ಟರು. ಆ ರಾತ್ರಿ ಆನೆ ಸರಿಯಾಗಿ ಓದುತ್ತಿತ್ತು. ಅಪ್ಪ ಗುರುತಿಟ್ಟಿದ್ದ ಪುಟವೂ ತಪ್ಪಿರಲಿಲ್ಲ. ಅಲ್ಲಿಂದ ಮುಂದೆ ಊಟ ಮುಗಿಸಿ ಕೋಣೆಗೆ ಮರಳುವ ಅವಸರ ಮೊಮ್ಮಕ್ಕಳಿಗಿಂತ ಅಪ್ಪನಿಗೇ ಹೆಚ್ಚು.

ಅಮ್ಮನಿಗೆ ಒಲಿದದ್ದು ಊಟದ ಹಾಲಿನ ವೇಟರ್. ಸಾಲ್ಸೆಟ್ ಕಡೆಯ ಗೋವಾದವರು, ಐವತ್ತರ ಆಸುಪಾಸು. ನಾವು ಕುಮಟೆಯವರೆಂದು ತಿಳಿದದ್ದೇ ಕೊಂಕಣಿ ಶುರುವಾಯಿತು. ಅಮ್ಮ ಅವರಿಗೆ 'ಬಾಯ್', ಅಮ್ಮನಿಗೆ ಅವರು 'ಪುತಾ'. ಹಡಗಿನ ಮೇಲೆ ವಾರದ ಲೆಕ್ಕ ತಪ್ಪುತ್ತದೆಂದು ಲಿಫ್ಟಿನ ನೆಲಹಾಸಿನಲ್ಲಿ ಅಂದಂದಿನ ವಾರವನ್ನು ದೊಡ್ಡದಾಗಿ ಬರೆದಿರುತ್ತಾರೆ, ಮಧ್ಯರಾತ್ರಿ ಬದಲಿಸುತ್ತಾರೆ. ಅಮ್ಮ ಆ ವಾರದ ಮೇಲೇ ನಿಂತು ಕೆಳಗಿಳಿದು ಬಂದು ಸುಟ್ಟ ಮೀನು ಬೇಕೆಂದಳು. ಅವರು ಬರೆದುಕೊಳ್ಳಲಿಲ್ಲ. ಸ್ವಲ್ಪ ಬಗ್ಗಿ, ಪಕ್ಕದ ಮೇಜಿಗೆ ಕೇಳಿಸದ ಹಾಗೆ ಹೇಳಿದರು: "ಬಾಯ್, ಆಯ್ಜ್ ಸೊಮಾರ್." ಇವತ್ತು ಸೋಮವಾರ.

ಅಮ್ಮನ ಕೈ ಹಣೆಗೆ ಹೋಯಿತು. ಸೋಮವಾರ ನಮ್ಮ ಮನೆಯಲ್ಲಿ ಮೀನು ಒಳಗೆ ಬರುವುದಿಲ್ಲ. ಕೊರಳಲ್ಲಿ ಶಿಲುಬೆಯಿದ್ದ ಮನುಷ್ಯನಿಗೆ ಇದು ಹೇಗೆ ಗೊತ್ತು? ಅವರ ಊರಿನ ನೆರೆಮನೆಗಳಲ್ಲೂ ಅದೇ ರೂಢಿಯಂತೆ. ಸೋಮವಾರ ಮೀನಿನವಳು ಆ ಓಣಿಗೆ ಕಾಲಿಡುವುದಿಲ್ಲವಂತೆ. ಅನ್ನ, ತೊವ್ವೆ, ಎಲ್ಲಿಂದಲೋ ಹುಡುಕಿ ತಂದ ಮಾವಿನ ಉಪ್ಪಿನಕಾಯಿ ಬಂದವು. ಮರುದಿನ ಸಂಜೆ ಕೇಳುವ ಮೊದಲೇ ಮೀನು ಬಂತು. ನಮ್ಮ ಮದುವೆಮನೆಗಳಲ್ಲಿ ಒಬ್ಬೊಬ್ಬ ಹಳೆಯ ಬಡಿಸುವವರು ಇರುತ್ತಾರಲ್ಲ, ಯಾವ ಪಂಕ್ತಿಯಲ್ಲಿ ಯಾರಿಗೆ ಈರುಳ್ಳಿ ವರ್ಜ್ಯ ಎಂದು ತಲೆಯಲ್ಲೇ ಇಟ್ಟುಕೊಂಡು ಓಡಾಡುವವರು, ಆ ಜಾತಿಯ ಮನುಷ್ಯ.

ಅವರ ಅಜ್ಜ ಪಿ ಅಂಡ್ ಓ ಹಡಗುಗಳಲ್ಲಿ ಸ್ಟುವರ್ಡ್ ಆಗಿದ್ದರು. ಆ ಕಂಪನಿಯ ಹಡಗುಗಳಲ್ಲಿ ಅಡುಗೆಮನೆ, ಊಟದ ಹಾಲು, ಕ್ಯಾಬಿನ್ನಿನ ಕೆಲಸ ಬಹುಪಾಲು ಗೋವಾದ ಕ್ರೈಸ್ತರ ಕೈಯಲ್ಲಿತ್ತು. ದನದ ಮಾಂಸ, ಹಂದಿಮಾಂಸ ಎರಡನ್ನೂ ಬೇಯಿಸಲು, ವೈನ್ ಬಡಿಸಲು ಅವರಿಗೆ ಅಡ್ಡಿಯಿರಲಿಲ್ಲ. ಬ್ರೆಡ್ಡು ಸುಡುವುದು, ಬ್ಯಾಂಡು ಬಾರಿಸುವುದು ಎರಡೂ ಅವರಿಗೆ ಬರುತ್ತಿತ್ತು. ಹಡಗು ಸಿಗುವ ತನಕ ಮುಂಬಯಿಯ ಧೋಬಿ ತಲಾವ್ ಸುತ್ತಿನ 'ಕೂಡ್'ಗಳಲ್ಲಿ ಕಾಯುತ್ತಿದ್ದರು. ಊರಿಗೊಂದು ಕೂಡ್: ಒಂದು ದೊಡ್ಡ ಕೋಣೆ, ಗೋಡೆಗುಂಟ ಟ್ರಂಕುಗಳು, ಊರಿನ ಸಂತನ ಪಟ. ಸಂಬಳ ಬಿಳಿಯ ನಾವಿಕನಿಗಿಂತ ಬಹಳ ಕಡಿಮೆ. ಇಂಗ್ಲಿಷರ ಪ್ರವಾಸಕಥನಗಳಲ್ಲಿ ಹೊಗಳಿಸಿಕೊಂಡ ಹಡಗಿನ ಆತಿಥ್ಯದಲ್ಲಿ ನಮ್ಮ ಕರಾವಳಿಯ ಈ ಜನರ ಪಾಲು ದೊಡ್ಡದು, ಹೆಸರು ಮಾತ್ರ ಕಂಪನಿಗೆ ಹೋಯಿತು. ಈಗ ಮಂಗಳೂರು, ಉಡುಪಿ ಕಡೆಯ ಹುಡುಗರೂ ಇದೇ ದಾರಿ ಹಿಡಿದಿದ್ದಾರೆ.

ದುಡ್ಡು ಕೊಟ್ಟರೆ ಹಡಗಿನ ಒಳಭಾಗವನ್ನೂ ತೋರಿಸುತ್ತಾರೆ. ನೀರಿನ ಮಟ್ಟದ ಹತ್ತಿರ, ಈ ತುದಿಯಿಂದ ಆ ತುದಿಗೆ ಸಿಬ್ಬಂದಿಯ ಓಣಿ; ಅಮೆರಿಕದ ಪೂರ್ವ ಕರಾವಳಿಯ ಹೆದ್ದಾರಿಯ ಹೆಸರನ್ನೇ ಇಟ್ಟು ಅದನ್ನು 'ಐ-95' ಅನ್ನುತ್ತಾರೆ. ಮೇಲೆ ಕಂಬಳಿಹಾಸು, ಝೂಮರು. ಇಲ್ಲಿ ಬೋಳು ಕಬ್ಬಿಣ, ಟ್ರಾಲಿಗಳ ಓಡಾಟ, ಕಿಟಕಿಯಿಲ್ಲದ ಕೋಣೆಗಳು. ಹಡಗು ನೌಕರರಿಗಾಗಿ 2006ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ದಿನಕ್ಕೆ ಕನಿಷ್ಠ 10 ಗಂಟೆ ವಿಶ್ರಾಂತಿ ಕೊಡಬೇಕು. ಉಳಿದ ಗಂಟೆಗಳ ಲೆಕ್ಕ ನೀವೇ ಹಾಕಿಕೊಳ್ಳಿ. ಒಮ್ಮೆ ಹತ್ತಿದರೆ ಆರೆಂಟು ತಿಂಗಳು ಮನೆಯಿಲ್ಲ.

ಹಡಗಿನ ಸಿಬ್ಬಂದಿಯ ನಗು ತರಬೇತಿಯದು ಎಂದು ತಮ್ಮ ವಾದಿಸುತ್ತಾನೆ. ಇರಬಹುದು. ಸೋಮವಾರದ ಮೀನನ್ನು ಯಾವ ತರಬೇತಿಯ ಪುಸ್ತಕ ಕಲಿಸೀತು?

ಕೊನೆಯ ಸಂಜೆ ಸ್ವಾಗತಕಟ್ಟೆಯ ಮುಂದೆ ಉದ್ದ ಸಾಲು, ಅದರಲ್ಲಿ ನಮ್ಮ ದೇಶದವರೇ ಹೆಚ್ಚು. ದಿನಕ್ಕೆ ತಲೆಗಿಷ್ಟು ಡಾಲರ್ ಎಂದು ಬಿಲ್ಲಿಗೆ ಸೇರಿಸುವ ಸಿಬ್ಬಂದಿಯ ಟಿಪ್ಸನ್ನು ತೆಗೆಸಲು ನಿಂತವರು. ಟವೆಲ್ಲಿನ ಆನೆಯ ಫೋಟೋ ಎಲ್ಲರ ಫೋನಿನಲ್ಲೂ ಇತ್ತು. ನೀವು ಯಾವಾಗಲಾದರೂ ಹೋದರೆ ಆ ಸಾಲಿನಲ್ಲಿ ನಿಲ್ಲಬೇಡಿ. ಇಳಿಯುವ ಮುಂಚೆ ಅಭಿಪ್ರಾಯ ಕೇಳುವ ಫಾರ್ಮು ಕೊಡುತ್ತಾರೆ, ಅದನ್ನು ತುಂಬಿ. 'ಎಲ್ಲರೂ ಚೆನ್ನಾಗಿ ನೋಡಿಕೊಂಡರು' ಎಂದು ಬರೆದರೆ ಯಾರಿಗೂ ಸಲ್ಲುವುದಿಲ್ಲ. ಒಬ್ಬೊಬ್ಬರ ಹೆಸರು ಬರೆಯಿರಿ, ಮುಂದಿನ ಕಾಂಟ್ರ್ಯಾಕ್ಟಿಗೆ ಅದು ಉಪಯೋಗಕ್ಕೆ ಬರುತ್ತದೆ. ಸ್ಪೆಲ್ಲಿಂಗ್ ತಪ್ಪದಂತೆ, ಅಂಗಿಯ ಮೇಲಿನ ಬಿಲ್ಲೆ ನೋಡಿಕೊಂಡೇ ಬರೆಯಿರಿ.