ಬೆನ್ನಚೀಲದ ಆರ್ಕೆಸ್ಟ್ರಾ

ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಿಗೆ ಬೇಕಾದ್ದೇನೆಂದು ಖಚಿತವಾಗಿ ಗೊತ್ತಿದ್ದವರು ಮಾತ್ರ ಹೋಗಬೇಕು. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದೇ ಹೋಗುವಷ್ಟು ಹತ್ತಿರ. ಬೋರ್ಡಿನ ಮೇಲೆ ಡಾ. ಭಡ್ಕಮ್ಕರ್ ಮಾರ್ಗ ಅಂತಿದ್ದರೂ ಹಾಗೆ ಕರೆಯುವವರು ಕಡಿಮೆ. ನಾನು ಕೇಳಿದ್ದು ಐದು ವೋಲ್ಟನ್ನು ಒಂಬತ್ತು ಮಾಡುವ ಯುಎಸ್‌ಬಿ ಕೇಬಲ್.

"ರೂಟರ್‌ಗಾ?" ಅಂದರು ಅಂಗಡಿಯವರು.

"ಅಲ್ಲ, ಸಿಂಥಸೈಜರ್‌ಗೆ. ರಸ್ತೆಯಲ್ಲಿ ನುಡಿಸಬೇಕು."

ನನ್ನ ಕುತ್ತಿಗೆಯ ಐಡಿ ಕಾರ್ಡ್ ನೋಡಿ, "ನೌಕರಿ ಚಲೀ ಗಯೀ ಕ್ಯಾ?" ಎಂದು ಕನಿಕರದಿಂದ ಕೇಳಿದರು.

ನೌಕರಿ ಇತ್ತು. ಇಲ್ಲದ್ದು ನುಡಿಸಲು ಜಾಗ.

ದಾವಣಗೆರೆಯಲ್ಲಿ ಓದುವಾಗ ಗಣೇಶನ ಪೆಂಡಾಲಿನ ರಸಮಂಜರಿಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಎಂಸಿಎ ಮುಗಿಯಿತು, ಕೆಲಸ ಸಿಕ್ಕಿತು, ಇಲ್ಲಿಗೆ ಬಂದೆ. ಕಾಂದಿವಲಿಯ ನಮ್ಮ ಒನ್ ಬಿಎಚ್‌ಕೆಯ ಹಾಲ್‌ಗೂ ಪಕ್ಕದವರ ಬೆಡ್‌ರೂಮಿಗೂ ನಡುವೆ ಇರುವುದು ಒಂದೇ ಗೋಡೆ. ಸೊಸೈಟಿಯ ಸೆಕ್ರೆಟರಿ ಎರಡು ಸಲ ಬಂದುಹೋದ ಮೇಲೆ ಹೆಡ್‌ಫೋನ್ ಹಾಕಿಕೊಂಡೆ. ಹನ್ನೊಂದು ವರ್ಷ ಹಾಗೆಯೇ ಕಳೆಯಿತು. ಒಂದು ರಾತ್ರಿ ಒಂಬತ್ತು ವರ್ಷದ ಮಗಳು ಎದುರಿಗೆ ಕೂತು ನನ್ನ ಬೆರಳುಗಳನ್ನೇ ನೋಡುತ್ತಾ, "ಅಪ್ಪ, ನೀನು ಚೆನ್ನಾಗಿ ನುಡಿಸ್ತೀಯಾ?" ಅಂತ ಕೇಳಿದಳು. ನಾನು ನುಡಿಸುವುದನ್ನು ಅವಳು ನೋಡಿದ್ದಾಳೆ, ಕೇಳಿಯೇ ಇಲ್ಲ ಎಂದು ಹೊಳೆದದ್ದು ಆಗಲೇ.

ಈ ಊರಿಗೆ ಸಿಂಥ್ ಹೊಸದಲ್ಲ. 1982ರಲ್ಲಿ ಹಿಂದಿ ಚಿತ್ರಸಂಗೀತದ ವಾದಕ ಚರಣ್‌ಜಿತ್ ಸಿಂಗ್ ಡಿಸ್ಕೋ ತಾಳಕ್ಕೆ ಹತ್ತು ರಾಗಗಳನ್ನು ನುಡಿಸಿ ಒಂದು ರೆಕಾರ್ಡ್ ತಂದರು. ಆಗ ಅದಕ್ಕೆ ಕಿವಿಗೊಟ್ಟವರು ಕಡಿಮೆ. 2010ರಲ್ಲಿ ಮರುಬಿಡುಗಡೆಯಾದಾಗ, ಶಿಕಾಗೋದ ಆಸಿಡ್ ಹೌಸ್‌ಗಿಂತ ಮೊದಲೇ ಅಂಥದೇ ನಾದ ಇಲ್ಲಿ ಹುಟ್ಟಿತ್ತಲ್ಲ ಎಂದು ಹೊರಗಿನವರು ಬೆರಗಾದರು. ಅವರು ಬಳಸಿದ ರೋಲ್ಯಾಂಡ್ ಟಿಬಿ-303 ಟಾರ್ಚಿನಂತೆ ಸೆಲ್ ಹಾಕಿಯೂ ನಡೆಸಬಹುದಾದ ಪೆಟ್ಟಿಗೆ. ಈಗ ಅದರ ಬೆಲೆ ಕೇಳುವಂತಿಲ್ಲ. ಅದೇ ಜಾಯಮಾನದ, ಊಟದ ಡಬ್ಬಿಯಷ್ಟಿರುವ ಕೊರ್ಗ್ ವೋಲ್ಕಾ ಬೇಸ್ ಕೊಂಡೆ. ಜೊತೆಗೆ 37 ಪುಟ್ಟ ಮನೆಗಳ ಯಮಹಾ ರಿಫೇಸ್, ಐದು ವ್ಯಾಟಿನ ಸ್ಪೀಕರ್, ಒಂದು ಎಕೋ ಪೆಡಲ್.

ಮೊದಲ ಮೂರಕ್ಕೂ ತಲಾ ಆರು ಪೆನ್ಸಿಲ್ ಸೆಲ್, ಒಟ್ಟು ಹದಿನೆಂಟು. ಶನಿವಾರ ರಾತ್ರಿಯೆಲ್ಲ ಚಾರ್ಜ್ ಮಾಡುವ ಬದಲು ವೋಲ್ಕಾವನ್ನೂ ಪೆಡಲನ್ನೂ ಪವರ್ ಬ್ಯಾಂಕಿಗೆ ಹಾಕೋಣ ಅಂದುಕೊಂಡೆ. ಪವರ್ ಬ್ಯಾಂಕಿನ ಮೇಲೆ ಬರೆದ 10,000 ಎಂಎಎಚ್ ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ. ಒಂಬತ್ತು ವೋಲ್ಟಿಗೆ ಏರಿಸಿದರೆ, ಸೋರಿಕೆ ಕಳೆದು ಉಳಿಯುವುದು ಸುಮಾರು 3,500. ಅದೂ ಸಾಕು. ಎಡವಿದ್ದು ಬೇರೆ ಕಡೆ. ವೋಲ್ಕಾದ ಪಿನ್ನಿನ ನಡುವೆ ಪ್ಲಸ್, ಪೆಡಲಿನ ಪಿನ್ನಿನ ನಡುವೆ ಮೈನಸ್. ಕೇಬಲ್ ಅದಲುಬದಲಾಯಿತು. ಅಡುಗೆಮನೆಯಿಂದ ಹೆಂಡತಿ, "ಏನೋ ಸುಟ್ಟ ವಾಸನೆ" ಅಂದಳು. ಪೆಡಲ್ ಹೋಗಿತ್ತು.

ಇನ್ನೊಂದು ಪೆಡಲ್ ತಂದೆ. ಎರಡಕ್ಕೂ ಒಂದೇ ಪವರ್ ಬ್ಯಾಂಕ್ ಕೊಟ್ಟರೆ ಸ್ಪೀಕರಿನಲ್ಲಿ ಸೊಳ್ಳೆಯಂತೆ ಕುಂಯ್‌ಗುಡುವ ಸದ್ದು. ಗ್ರೌಂಡ್ ಒಂದೇ ಆದರೆ ಹೀಗಾಗುತ್ತದೆ. ವೋಲ್ಕಾವನ್ನು ಮತ್ತೆ ಸೆಲ್ಲಿಗೆ ಹಾಕಿದೆ, ಸೊಳ್ಳೆ ಹೋಯಿತು. ಎಲ್ಲಾ ಸೇರಿ ಒಂಬತ್ತು ಕಿಲೋ.

ಒಂದು ಭಾನುವಾರ ಸಂಜೆ ಮಗಳೊಂದಿಗೆ ಖಾರ್‌ನಲ್ಲಿ ಇಳಿದು ಕಾರ್ಟರ್ ರೋಡಿಗೆ ಹೋದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ವಾಕಿಂಗ್ ಜನ. ಕಟ್ಟೆಯ ಮೇಲೆ ಎಲ್ಲಾ ಹರಡಿ ಮೋಹನ ರಾಗ ಹಿಡಿದೆ. ಹತ್ತು ನಿಮಿಷದಲ್ಲಿ ಹದಿನೈದಿಪ್ಪತ್ತು ಜನ ನಿಂತರು. ಮಗಳ ಮುಖ ನೋಡಬೇಕಿತ್ತು! ಗಂಟೆ ಕಳೆದದ್ದು ತಿಳಿಯಲಿಲ್ಲ.

ಚೀಲ ಕಟ್ಟುವಾಗ ಕೊಳಲು ಮಾರುವವರೊಬ್ಬರು ಹತ್ತಿರ ಬಂದರು. ಕೋಲಿನ ತುಂಬ ಬಿದಿರಿನ ಕೊಳಲುಗಳು. ಇಪ್ಪತ್ತು ಹೆಜ್ಜೆ ಆಚೆ ನಿಂತಿದ್ದರಂತೆ, ನಾನು ನೋಡಿರಲೇ ಇಲ್ಲ. ನನ್ನ ಸ್ಪೀಕರಿನ ಮುಂದೆ ಅವರ ಕೊಳಲು ಯಾರಿಗೂ ಕೇಳಿಸಿರಲಿಲ್ಲ. "ಸಾಬ್, ಆಪ್‌ಕಾ ತೋ ಶೌಕ್ ಹೈ" ಅಂದರು, ಅಷ್ಟೇ. ಸಿಟ್ಟಿರಲಿಲ್ಲ. ಮುಂದಿನ ಅರ್ಧ ವಾಕ್ಯವನ್ನು ನಾನೇ ತುಂಬಿಕೊಂಡೆ. ಹನ್ನೊಂದು ವರ್ಷ ನನ್ನ ಬಾಯಿ ಮುಚ್ಚಿಸಿದ್ದು ಒಂದು ಗೋಡೆ, ಅವತ್ತು ಅವರ ಬಾಯಿ ಮುಚ್ಚಿಸಿದ್ದು ನಾನು.

ಮುಂದಿನ ವಾರ ಹೋಗಲಿಲ್ಲ. ಅದರ ಮುಂದಿನ ವಾರ ವೋಲ್ಕಾ ಒಂದನ್ನೇ ಒಯ್ದು, "ನೀವು ನುಡಿಸಿ, ನಾನು ಶ್ರುತಿ ಹಿಡಿಯುತ್ತೇನೆ" ಅಂದೆ. ವೋಲ್ಕಾದಲ್ಲಿ ಮೂರು ಆಸಿಲೇಟರ್, ಪ್ರತಿಯೊಂದಕ್ಕೂ ಬೇರೆ ಪಿಚ್ ನಾಬ್. ಸ, ಪ, ಮೇಲಿನ ಸ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಪೆಟ್ಟಿಗೆಗಳು ದಶಕಗಳಿಂದ ಮಾಡುತ್ತಿರುವ ಕೆಲಸವೇ ಇದು. ಅವರ ಕೊಳಲಿನ ಷಡ್ಜ ಕೀಬೋರ್ಡಿನ ಎರಡು ಮನೆಗಳ ನಡುವೆ ಎಲ್ಲೋ ಇತ್ತು, ತಂಬೂರಿಯ ಬಿರಡೆ ತಿರುಗಿಸುವಂತೆ ನಾಬ್ ತಿರುಗಿಸಿ ಹುಡುಕಿದೆ. ವೋಲ್ಕಾದ ಪುಟ್ಟ ಸ್ಪೀಕರಿನಲ್ಲಿ ಮಂದ್ರ ಬರುವುದಿಲ್ಲವೆಂದು ಒಂದು ಸ್ಥಾಯಿ ಮೇಲೆ ಇಟ್ಟೆ. ಸಮುದ್ರದ ಗಾಳಿಗೆ ಅದು ಮೂರು ಹೆಜ್ಜೆ ದಾಟುತ್ತಿರಲಿಲ್ಲ. ಆದರೆ ಕೊಳಲು ದಾಟುತ್ತಿತ್ತು. ಅವತ್ತು ನಾಲ್ಕು ಕೊಳಲು ಹೋದವು.

ವಾಪಸ್ ಬರುವಾಗ ಲೋಕಲಿನಲ್ಲಿ ಮಗಳು ಮುಖ ಊದಿಸಿಕೊಂಡಿದ್ದಳು. "ನೀನು ಬರೀ ಒಂದೇ ಸೌಂಡ್ ಮಾಡ್ತಾ ಕೂತಿದ್ದೆ."

"ಹೌದು."

"ಆ ಅಂಕಲ್‌ದೇ ಚೆನ್ನಾಗಿತ್ತು."

"ಹೌದು," ಅಂದೆ. ಅವಳ ಕೈಯಲ್ಲಿ ಐದನೆಯ ಕೊಳಲಿತ್ತು. ದುಡ್ಡು ಕೊಡಲು ಹೋದರೆ ಅವರು ತೆಗೆದುಕೊಂಡಿರಲಿಲ್ಲ. ಸೆಕ್ರೆಟರಿ ಮತ್ತೆ ಯಾವಾಗ ಬರುತ್ತಾರೋ ಎಂದು ಈಗ ಕಾಯುತ್ತಿದ್ದೇವೆ.